ಬೆಂಗಾವಲಿಲ್ಲದ ಹಡಗು

ಮೊದಲು ಸೀಮೆಎಣ್ಣೆ ಕಡಿಮೆಯಾಯಿತು, ಆಮೇಲೆ ಭಾಷಣ ಹೆಚ್ಚಾಯಿತು. ನಾನು ಭಾಷಣದ ಕಡೆಯ ನೌಕರ. ಬಳ್ಳಾರಿಯ ದಂಡು ಪ್ರದೇಶದ ಅಂಚಿನಲ್ಲಿ, ಹಂಚು ಹೊದಿಸಿದ ಎರಡು ಕೋಣೆಗಳಲ್ಲಿ, ಎರಡನೆಯ ಮಹಾಯುದ್ಧದ ಪ್ರಚಾರದ ಕಚೇರಿ ಇತ್ತು. ಮದರಾಸಿನಿಂದ ಇಂಗ್ಲಿಷಿನಲ್ಲಿ ಬರುವ ಸುದ್ದಿಯನ್ನು ಕನ್ನಡಕ್ಕೂ ತೆಲುಗಿಗೂ ತಿರುಗಿಸಿ, ವ್ಯಾನಿನಲ್ಲಿ ಊರೂರಿಗೆ ಹೋಗಿ, ಧ್ವನಿವರ್ಧಕದಲ್ಲಿ ಹೇಳಿ ಬರುವುದು ನನ್ನ ಕೆಲಸವಾಗಿತ್ತು.

ಕೆಲಸಕ್ಕೆ ಒಂದು ಕ್ರಮವಿತ್ತು. ಸೋಮವಾರ ಟಪಾಲು ಬರುತ್ತಿತ್ತು. ಅಂದು ಸಂಜೆಯೊಳಗೆ ನಾನು ಕರಡು ಬರೆದು ಅಧಿಕಾರಿಗಳ ಮೇಜಿನ ಮೇಲೆ ಇಡಬೇಕು. ಅವರು ನೀಲಿ ಪೆನ್ಸಿಲಿನಿಂದ ತಿದ್ದಿ, ಪ್ರತಿ ಪುಟದ ಕೆಳಗೆ ಮುದ್ರೆ ಒತ್ತುತ್ತಿದ್ದರು. ಮುದ್ರೆ ಬಿದ್ದ ಮೇಲೆ ಒಂದು ಅಕ್ಷರವನ್ನೂ ಬದಲಿಸುವಂತಿಲ್ಲ. ಮೈಸೂರಿನ ಕಡೆಯಿಂದ ಬಂದ ಅವರು ಒಳ್ಳೆಯ ಕನ್ನಡ ಬಲ್ಲವರು, ಕೂಗಾಡುವವರಲ್ಲ. ಸಬ್‌ಮೆರೀನಿಗೆ ನಾನು ಮೊದಲ ಸಲ ‘ಮುಳುಗು ಹಡಗು’ ಎಂದು ಬರೆದಾಗ ನಕ್ಕು, “ಮುಳುಗೋ ಹಡಗು ಅಂದ್ರೆ ಜನ ನಮ್ಮದೇ ಅಂದ್ಕೋತಾರೆ ಕಣ್ರೀ” ಎಂದು ‘ನೀರೊಳಗಿನ ಕಳ್ಳ ಹಡಗು’ ಎಂದು ತಿದ್ದಿದ್ದರು. ಹಡಗುಗಳ ಜೊತೆಗೆ ಕಾವಲಿಗೆ ಹೋಗುವ ಯುದ್ಧನೌಕೆಗಳಿಗೆ ನಾನು ಆರಿಸಿದ ಮಾತು ‘ಬೆಂಗಾವಲು’. ಅದು ಅವರಿಗೆ ಬಹಳ ಹಿಡಿಸಿತು. ಆ ಮಾತನ್ನಿಟ್ಟು ಅವರೇ ಒಂದು ವಾಕ್ಯ ಮಾಡಿಕೊಟ್ಟರು. ಸಭೆಯಲ್ಲಿ ಯಾರಾದರೂ ಎಣ್ಣೆ ಹಡಗುಗಳ ಬಗ್ಗೆ ಕೇಳಿದರೆ, ಏನು ಕೇಳಿದರೂ, ಅದೊಂದೇ ಉತ್ತರ: “ಎಣ್ಣೆ ಹಡಗುಗಳಿಗೆ ಬೆಂಗಾವಲು ಇದೆ. ಭಯ ಬೇಡ.”

ಪೆಟ್ರೋಲು ಸಿಗುತ್ತಿರಲಿಲ್ಲವಾದ್ದರಿಂದ ನಮ್ಮ ವ್ಯಾನು ಇದ್ದಿಲ ಅನಿಲದಿಂದ ಓಡುತ್ತಿತ್ತು. ಹಿಂಬದಿಗೆ ಆಳೆತ್ತರದ ಒಂದು ಕಬ್ಬಿಣದ ಪೀಪಾಯಿ. ಅದರೊಳಗೆ ಜಾಲಿ ಇದ್ದಿಲು ತುಂಬಿ, ಕೆಳಗೆ ಬೆಂಕಿ ಹಚ್ಚಿ, ಕೈಯಿಂದ ತಿರುಗಿಸುವ ಗಾಳಿಯಂತ್ರವನ್ನು ಕಾಲು ಗಂಟೆ ತಿರುಗಿಸಬೇಕು. ಕೊಳವೆಯ ಬಾಯಿಗೆ ಕಡ್ಡಿ ಗೀರಿದಾಗ ಜ್ವಾಲೆ ನೀಲಿಯಾಗಿ ನಿಂತರೆ ಗಾಡಿ ಹೊರಡುತ್ತದೆ, ಹಳದಿಯಾಗಿ ಓಲಾಡಿದರೆ ಮತ್ತೆ ತಿರುಗಿಸಬೇಕು. ಏರು ಬಂದರೆ ನಾನು ಇಳಿದು ನಡೆಯುತ್ತಿದ್ದೆ. ಡ್ರೈವರು ಆದೋನಿ ಕಡೆಯವನು, ತೆಲುಗು ಮನೆಮಾತಿನವನು, ಮಾತು ಕಡಿಮೆ. ಎಣ್ಣೆಗೆ ಕೊರತೆಯಿಲ್ಲ ಎಂದು ಸಾರಲು ಹೊರಟ ಗಾಡಿಯ ಬೆನ್ನಿಗೆ ಇದ್ದಿಲ ಮೂಟೆ ಕಟ್ಟುವಾಗ ಅವನು ಒಮ್ಮೆಯೂ ನಕ್ಕದ್ದನ್ನು ನಾನು ಕಾಣೆ.

ಸಿರುಗುಪ್ಪದ ಸಭೆಗಳಿಗೆ ಮೊದಲಿನಿಂದಲೂ ಜನ ಹೆಚ್ಚು. ಸಂತೆಯ ಬಯಲಿನಲ್ಲಿ ಎರಡು ಕಂಬಗಳ ನಡುವೆ ನಾನು ಬಟ್ಟೆಯ ನಕಾಶೆ ಕಟ್ಟುತ್ತಿದ್ದೆ. ಎಡಕ್ಕೆ ಪರ್ಷಿಯಾದ ಕೊಲ್ಲಿ, ನಡುವೆ ಅರಬ್ಬೀ ಸಮುದ್ರ, ಬಲಕ್ಕೆ ಮುಂಬಯಿ. ಅಲ್ಲಿಗೆ ತಪ್ಪದೆ ಬರುವವನೊಬ್ಬ ಹಳೆಯ ಸಿಪಾಯಿ ಇದ್ದ. ಹಿಂದಿನ ಮಹಾಯುದ್ಧದಲ್ಲಿ ಬಸ್ರಾಕ್ಕೆ ಹೋಗಿ, ಎಡಗಾಲು ಕುಂಟು ಮಾಡಿಕೊಂಡು ಬಂದಿದ್ದವನು. ಎಣ್ಣೆ ಬಾವಿಗಳನ್ನು ಕಣ್ಣಾರೆ ಕಂಡವನು ಆ ತಾಲೂಕಿನಲ್ಲಿ ಅವನೊಬ್ಬನೇ ಇರಬೇಕು. ಅವನಿಗೆ ಎದುರಾಳಿ ಊರಿನ ಸಾಲಿ ಮಾಸ್ತರರು. ಪತ್ರಿಕೆ ತರಿಸುತ್ತಿದ್ದ ಅವರಿಗೆ ಯಾವ ದೇಶ ಯಾವ ದೇಶದ ಮೇಲೆ ಎಲ್ಲಿ ಬಾಂಬು ಹಾಕಬೇಕೆಂಬುದು ಖಚಿತವಾಗಿ ಗೊತ್ತಿತ್ತು.

“ವೈರಿ ಗಾಡಿ ಓಡೋದು ಎಣ್ಣಿ ಮ್ಯಾಲ,” ಎಂದರು ಮಾಸ್ತರರು ಒಂದು ಸಭೆಯಲ್ಲಿ. “ಎಣ್ಣಿ ಬಾವಿ ಮ್ಯಾಲೇ ಬಾಂಬ್ ಹಾಕಿಬಿಟ್ರ ಯುದ್ಧ ಒಂದು ತಿಂಗಳಿಗೆ ಮುಗೀತೈತಿ.”

“ಬಾವಿ ಸುಟ್ಟ ಮ್ಯಾಲ ನಿಮ್ಮ ಲಾಟೀನಕ್ಕ ಏನು ಹಾಕ್ತೀರಿ ಮಾಸ್ತರ್ರ?” ಎಂದ ಸಿಪಾಯಿ. ಎದ್ದು ಬಂದು ನನ್ನ ನಕಾಶೆಯ ಮೇಲೆ ಬೆರಳಿಟ್ಟ. “ಇಲ್ನೋಡ್ರಿ. ಇಲ್ಲಿ ಸಮುದ್ರ ಕೊರಳಿನಂಗ ಸಣ್ಣ ಆಗ್ತೈತಿ. ನಾನು ಹಡಗಿನ್ಯಾಗ ದಾಟೀನಿ. ಈ ಕೊರಳ ಯಾರು ಹಿಡೀತಾರೋ ಅವರು ಹೇಳಿದಂಗ ನಾವು ಕೇಳಬೇಕು. ಬಾಂಬ್ ಯಾಕ ಬೇಕು, ಎರಡು ಹಡಗ ಮುಳುಗಿಸಿದ್ರ ಸಾಕು, ಸಿರುಗುಪ್ಪಾಕ ಕತ್ತಲಿ.”

ಪಕ್ಕದ ಊರು ಕರೂರಿನಿಂದ ಕೂಲಿಗೆ ಬಂದಿದ್ದ ಒಬ್ಬ ಹೆಂಗಸು ಹಿಂದಿನಿಂದ ಕೇಳಿದಳು, “ನೆಲ್ಲು ಕೊಯ್ಯೋ ಹೊತ್ತಿಗೆ ಎಣ್ಣಿ ಬರ್ತೈತೋ ಇಲ್ಲೋ, ಅಷ್ಟ ಹೇಳ್ರಿ.”

ಜನ ನಕ್ಕರು. ಸಿಪಾಯಿ ನಗಲಿಲ್ಲ. ನನ್ನ ಕಡೆ ತಿರುಗಿ, “ಆ ಹಡಗಿನ್ಯಾಗ ಇರೋ ಮಂದಿ ಬಗ್ಗಿ ನೀವು ಒಂದು ಮಾತೂ ಹೇಳಲಿಲ್ಲಲ್ಲ,” ಎಂದ.

“ಎಣ್ಣೆ ಹಡಗುಗಳಿಗೆ ಬೆಂಗಾವಲು ಇದೆ. ಭಯ ಬೇಡ,” ಎಂದೆ. ಆಗ ಅದು ನಿಜವೇ ಆಗಿತ್ತು. ನಾನು ನಂಬಿಯೇ ಹೇಳಿದೆ.

ಕೆಲವು ತಿಂಗಳು ಕಳೆದ ಮೇಲೆ ಒಂದು ಸೋಮವಾರ ಟಪಾಲಿನಲ್ಲಿ ‘ಭಾಷಣಕಾರರ ತಿಳಿವಳಿಕೆಗೆ ಮಾತ್ರ’ ಎಂಬ ಒಂದು ಹಾಳೆ ಬಂತು. ಬೆಂಗಾವಲು ನೌಕೆಗಳನ್ನು ಸದ್ಯಕ್ಕೆ ಬೇರೆ ಕಡೆ ಕಳಿಸಲಾಗಿದೆ, ಕೊಲ್ಲಿಯಿಂದ ಮುಂಬಯಿಗೆ ಎಣ್ಣೆ ಹಡಗುಗಳು ಒಂಟಿಯಾಗಿ ಬರುತ್ತಿವೆ, ಕೆಲವು ದಡ ಮುಟ್ಟಿಲ್ಲ. ಈ ವಿಷಯ ಸಭೆಗಳಲ್ಲಿ ಸುಳಿಯಕೂಡದು, ಈಗಿರುವ ಉತ್ತರವನ್ನೇ ಮುಂದುವರಿಸತಕ್ಕದ್ದು ಎಂದಿತ್ತು. ನಾನು ಹಾಳೆಯನ್ನು ಹಿಡಿದುಕೊಂಡು ಅಧಿಕಾರಿಗಳ ಮುಂದೆ ನಿಂತೆ.

“ಸಾರ್, ನಮ್ಮ ವಾಕ್ಯ ಇನ್ನು ಮೇಲೆ ನಿಜ ಅಲ್ಲವಲ್ಲ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಒಂಟಿಯಾಗಿ ಬರ್ತಿವೆ ಅಂತ ಊರೂರಲ್ಲಿ ಹೇಳಿದರೆ, ಕೇಳಬೇಕಾದವನಿಗೆ ಕೇಳಿಸುತ್ತೆ. ಆಮೇಲೆ ಇನ್ನಷ್ಟು ಹಡಗು ಹೋಗುತ್ತೆ. ನೀವು ಭಾಷಾಂತರಕಾರರು. ವಾಕ್ಯ ನನ್ನದು, ಅದರ ಪಾಪವೂ ನನ್ನದೇ ಅಂದ್ಕೊಳ್ಳಿ.” ಹಾಳೆಯನ್ನು ತೆಗೆದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅವರು ಹೇಳಿದ್ದರಲ್ಲಿ ಅರ್ಥವಿಲ್ಲವೆಂದು ನಾನು ಇಂದಿಗೂ ಹೇಳಲಾರೆ.

ಮಾರನೆಯ ದಿನವೇ ನಮ್ಮ ಪ್ರವಾಸ. ಕುರುಗೋಡಿನಲ್ಲಿ ಒಂದು ಸಭೆ, ಅಲ್ಲಿಂದ ಸಿರುಗುಪ್ಪದ ಕಡೆ ಮೂರು, ಮತ್ತೆ ಕುರುಗೋಡಿನ ಮೇಲೆಯೇ ವಾಪಸು. ಕುರುಗೋಡಿನ ಗುಡ್ಡ ಕಣ್ಣಿಗೆ ಬೀಳುವ ಹೊತ್ತಿಗೆ ಗಾಡಿ ಕೆಮ್ಮತೊಡಗಿತು. ಡ್ರೈವರು ಇಳಿದು ಪೀಪಾಯಿಯ ಕೆಳಬಾಗಿಲು ತೆಗೆದು ನೋಡಿದ. ಬೆಂಕಿಯನ್ನು ಹೊರುವ ಜಾಲರಿಯ ಸರಳುಗಳು ಸುಟ್ಟು ಬಾಗಿ, ಇದ್ದಿಲು ಬೂದಿಯೊಳಗೆ ಕುಸಿದಿತ್ತು. ದನ ಮೇಯಿಸುತ್ತಿದ್ದ ನಾಲ್ಕು ಮಂದಿ ಸೇರಿ ಗಾಡಿಯನ್ನು ಊರಂಚಿನ ಕಮ್ಮಾರಸಾಲೆಯವರೆಗೆ ನೂಕಿದರು.

ಕಮ್ಮಾರ ವಯಸ್ಸಾದವನು. ಬಂಡಿಯ ಗಾಲಿಗೆ ಪಟ್ಟಿ ಹೊಡೆಯುವುದು ಅವನ ಕಸುಬು. ಜಾಲರಿಯನ್ನು ತಿರುವಿ ನೋಡಿ ಕೈಯಾಡಿಸಿದ. “ಇದು ನನ್ನ ಕೆಲಸ ಅಲ್ಲ. ನನ್ನ ಮಗ ಅದಾನ, ತಡೀರಿ.”

ಮಗ ಒಳಗಿನಿಂದ ಬಂದ. ಇಪ್ಪತ್ತೈದರ ಆಚೀಚೆ, ಅಗಲ ಭುಜ, ಮುಂಗೈಗಳ ಮೇಲೆ ಸುಟ್ಟ ಕಲೆಗಳು. ಪೀಪಾಯಿಗೆ ಕಿವಿಯಾನಿಸಿ, ಡ್ರೈವರಿಗೆ ಗಾಳಿಯಂತ್ರ ತಿರುಗಿಸಲು ಹೇಳಿ, “ಇದಕ್ಕ ಉಸಿರು ಕಟ್ಟೈತಿ,” ಎಂದ. ಕರಗಿ ಗಟ್ಟಿಯಾಗಿದ್ದ ಬೂದಿಗಡ್ಡೆಗಳನ್ನು ಉಳಿಯಿಂದ ಒಡೆದು ತೆಗೆದ. ತಂದೆಯ ಕುಲುಮೆಯಲ್ಲಿ ಹಳೆಯ ಗಾಲಿಪಟ್ಟಿಯನ್ನು ಕಾಯಿಸಿ, ಸೀಳಿ, ಹೊಸ ಸರಳು ಬಡಿದ. ಸರಳು ಸರಳಿನ ನಡುವೆ ಒಂದು ಬೆರಳಷ್ಟೇ ಸಂದು ಬಿಟ್ಟ. “ಇದಕ್ಕಿಂತ ಅಗಲ ಆದ್ರ ಕೆಂಡ ಬೀಳ್ತೈತಿ, ಸಣ್ಣ ಆದ್ರ ಬೂದಿ ನಿಲ್ತೈತಿ.” ಹೀಗೆ ಬೆಂಕಿಯ ಗುಣ ಎಲ್ಲಿ ಕಲಿತೆ ಎಂದು ಕೇಳಿದೆ.

“ಹಡಗಿನ್ಯಾಗ,” ಎಂದ. ಮುಂಬಯಿಯ ಬಂದರುಕಟ್ಟೆಯಲ್ಲಿ ಬಾಯ್ಲರು ತೊಳೆಯುವ ಕೆಲಸಕ್ಕೆ ಹೋದವನು, ಈಗ ಎರಡು ವರ್ಷದಿಂದ ಎಣ್ಣೆ ಹಡಗಿನಲ್ಲಿ ಬಾಯ್ಲರಿನ ಬೆಂಕಿ ನೋಡಿಕೊಳ್ಳುತ್ತಿದ್ದ. ರಜೆಗೆ ಬಂದು ತಿಂಗಳಾಗಿತ್ತು. ಇನ್ನು ನಾಲ್ಕು ದಿನಕ್ಕೆ ಹೊರಡಬೇಕು.

ನಾನು ಅಷ್ಟು ದಿನ ಬಟ್ಟೆಯ ಮೇಲೆ ಕೋಲಿಟ್ಟು ತೋರಿಸುತ್ತಿದ್ದ ದಾರಿಯಲ್ಲಿ ನಿಜವಾಗಿ ಓಡಾಡಿದವನು ನನ್ನೆದುರು ಕೂತಿದ್ದ. ಹಡಗಿನ ಮೇಲಟ್ಟದಲ್ಲಿ ಬೀಡಿ ಹಚ್ಚಿದರೆ ಜೈಲು ಎಂದ. ಕತ್ತಲಾದರೆ ಕಿಂಡಿಗಳಿಗೆಲ್ಲ ಕಪ್ಪು ಮುಚ್ಚಳ, ತಮ್ಮ ಜಾಗ ನೀರಿನ ಮಟ್ಟಕ್ಕಿಂತ ಕೆಳಗೆ, ಮೇಲೆ ಬರಲು ಒಂದೇ ಏಣಿ ಎಂದ. ತಾಯಿ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಅವನು ಬೇಗನೆ ಮಾತು ತಿರುಗಿಸಿದ. “ಆದ್ರ ನಮ್ಮ ಜೋಡಿ ಯುದ್ಧದ ಹಡಗ ಬರ್ತಾವ. ಅವು ಬಾಜೂಕ ಕಂಡ್ರ ಸಾಕು, ನಿದ್ದಿ ಬರ್ತೈತಿ.”

ಕಳೆದ ಸಲವೂ ಬಂದಿದ್ದವೇ ಎಂದು ನಾನು ಕೇಳಿದೆ. ಬಂದಿದ್ದವು ಎಂದ. ಅದು ಎರಡು ತಿಂಗಳ ಹಿಂದಿನ ಮಾತು. ಬೀರುವಿನ ಹಾಳೆ ಆಮೇಲಿನದು.

ರೊಟ್ಟಿ, ಪುಂಡಿ ಪಲ್ಯ ಬಡಿಸಿ ತಾಯಿ ನನ್ನೆದುರು ಕೂತಳು. ಒಣಗಿದ ಮೈಯ, ಸ್ವಲ್ಪ ಗಟ್ಟಿ ದನಿಯ ಹೆಂಗಸು.

“ಸ್ವಾಮಿ, ನೀವು ಸರಕಾರದ ಖಬರ ಓದೋರು. ಇವನು ಹೇಳೋದು ನಾ ನಂಬಂಗಿಲ್ಲ, ನನ್ನ ಸಮಾಧಾನಕ್ಕ ಹೇಳ್ತಾನ. ನೀವು ಹೇಳ್ರಿ. ಆ ಸಮುದ್ರದಾಗ ಈಗ ಹೆಂಗೈತಿ? ನೀವು ಬ್ಯಾಡ ಅಂದ್ರ ನಾ ಇವನ್ನ ಬಿಡಂಗಿಲ್ಲ. ಇಲ್ಲೇ ಕುಲುಮಿ ಐತಿ, ಇವರಪ್ಪಗ ಕೈ ನಡುಗಾಕ ಹತ್ಯಾವ.”

ಕಮ್ಮಾರ ತಲೆ ಎತ್ತಲಿಲ್ಲ. ಮಗ ನನ್ನನ್ನೇ ನೋಡುತ್ತಿದ್ದ. ಅವನಿಗೆ ಹೋಗುವ ಮನಸ್ಸಿತ್ತು. ಜೊತೆಗಾರರೆಲ್ಲ ಅಲ್ಲಿದ್ದರು, ಬಾಯ್ಲರಿನ ಬಗ್ಗೆ ಮಾತಾಡುವಾಗ ಅವನ ಮುಖ ಬೆಳಗುತ್ತಿತ್ತು. ಸರಿ, ಹೋಗಲಿ ಎಂದು ನಾನು ಹೇಳಲೆಂದು ಅವನು ಬಯಸುತ್ತಿದ್ದನೆಂಬುದು ನಿಜ. ಆದರೆ ಅವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು.

“ಎಣ್ಣೆ ಹಡಗುಗಳಿಗೆ ಬೆಂಗಾವಲು ಇದೆ ತಾಯಿ. ಭಯ ಬೇಡ,” ಎಂದೆ.

ಅಷ್ಟು ಹೊತ್ತು ಆಕೆಯ ಜೊತೆ ಆಕೆಯ ಮಾತಿನಲ್ಲೇ ಮಾತಾಡುತ್ತಿದ್ದವನು, ಆ ಒಂದು ಉತ್ತರವನ್ನು ಮಾತ್ರ ಮುದ್ರೆ ಬಿದ್ದ ಭಾಷೆಯಲ್ಲಿ ಕೊಟ್ಟೆ. ಆಕೆ ನನಗೆ ಇನ್ನೊಂದು ರೊಟ್ಟಿ ಹಾಕಿದಳು.

ಗುಟ್ಟು ಹೊರಗೆ ಬಿಟ್ಟವನಿಗೆ ಜೈಲು ಎಂದು ಕೆಲಸಕ್ಕೆ ಸೇರುವಾಗಲೇ ಸಹಿ ಹಾಕಿದ್ದೆ. ಮನೆಯಲ್ಲಿ ತಾಯಿ, ಮದುವೆಯಾಗದ ತಂಗಿ ಇದ್ದರು. ಇವೆಲ್ಲ ನಿಜವಾದ ಕಾರಣಗಳು. ಆದರೆ ಯಾವ ಹಡಗು, ಯಾವ ದಾರಿ ಎಂದೇನೂ ಹೇಳಬೇಕಾಗಿರಲಿಲ್ಲ. ‘ಈ ಸಲ ಬ್ಯಾಡ’ ಎಂಬ ಒಂದೇ ಮಾತು ಸಾಕಿತ್ತು. ಅದು ನನಗೆ ಹೊಳೆದದ್ದು ಗಾಡಿ ಸಿರುಗುಪ್ಪದ ದಾರಿಯಲ್ಲಿ ತೆಕ್ಕಲಕೋಟೆ ದಾಟಿದ ಮೇಲೆ.

ಸಿರುಗುಪ್ಪದ ಕಡೆ ಮೂರು ಸಭೆ ಮುಗಿಸಿ ನಾಲ್ಕನೆಯ ದಿನ ಕುರುಗೋಡಿಗೆ ಬಂದಾಗ ಅವನು ತಗಡಿನ ಪೆಟ್ಟಿಗೆ ಹಿಡಿದು ರಸ್ತೆಯಲ್ಲೇ ನಿಂತಿದ್ದ. ಬಳ್ಳಾರಿ ಸ್ಟೇಷನ್ನಿನವರೆಗೆ ಬರಬಹುದೇ ಎಂದು ಕೇಳಿದ. ಡ್ರೈವರು ನನ್ನನ್ನು ಕೇಳದೆಯೇ ಬಾಗಿಲು ತೆಗೆದ. ತಾಯಿ ಬುತ್ತಿಗಂಟನ್ನು ಒಳಗಿಟ್ಟು, ಗಾಡಿಯ ಬಾಗಿಲಿಗೆ ಒಂದು ಕೈ ಹಚ್ಚಿ ನಿಂತಳು. ಗಾಡಿ ಹೊರಟ ಮೇಲೂ ನಾಲ್ಕು ಹೆಜ್ಜೆ ಕೈ ಹಚ್ಚಿಕೊಂಡೇ ಬಂದಳು.

ದಾರಿಯುದ್ದಕ್ಕೂ ಅವನು ನನ್ನ ಪಕ್ಕದಲ್ಲಿದ್ದ. ಹೊಸ ಜಾಲರಿ ಹೇಗಿದೆ ಎಂದು ವಿಚಾರಿಸಿದ. ಒಂದು ಏರಿನಲ್ಲಿ ಇಬ್ಬರೂ ಇಳಿದು ಗಾಡಿಯ ಹಿಂದೆ ನಡೆದೆವು. ಹೇಳಲು ಬಾಯಿ ತೆರೆದೆ. ಅವನೇ ಮೊದಲು ಮಾತಾಡಿದ. “ನೀವು ನಮ್ಮವ್ವಗ ಹಂಗ ಹೇಳಿದ್ದು ಭಾಳ ಛಲೋ ಆತ್ರಿ. ಮೂರು ದಿನ ಆತು, ಅಕಿ ಅತ್ತಿಲ್ಲ.” ನಾನು ಬಾಯಿ ಮುಚ್ಚಿಕೊಂಡೆ. ಸ್ಟೇಷನ್ನಿನಲ್ಲಿ ಗುಂತಕಲ್ಲಿನ ಗಾಡಿ ಹತ್ತುವಾಗ ಅವನು ಕೈಯೆತ್ತಿದ. ನಾನೂ ಎತ್ತಿದೆ. ಡ್ರೈವರು ವ್ಯಾನಿಗೆ ಮರಳುತ್ತ, “ಮಂಚಿ ಪಿಲ್ಲೋಡು, ಸಾರ್. ಒಳ್ಳೆ ಹುಡುಗ,” ಎಂದ. ಅವನಾಗಿ ಅಷ್ಟು ಮಾತಾಡಿದ್ದು ಅದೇ ಮೊದಲು.

ಮುಂಬಯಿಯಿಂದ ಮನೆಗೆ ಅವನ ಒಂದು ಕಾಗದ ಬಂತಂತೆ, ಹಡಗು ಹತ್ತುತ್ತಿದ್ದೇನೆ ಎಂದು. ಆಮೇಲೆ ಬರಲಿಲ್ಲ. ನಾಲ್ಕು ತಿಂಗಳು ನೋಡಿ ಕಮ್ಮಾರ ಬಳ್ಳಾರಿಗೆ ಬಂದ. ಕಚೇರಿಯ ಮೆಟ್ಟಿಲ ಮೇಲೆ, ಒಳಗೆ ಬನ್ನಿ ಎಂದರೂ ಬಾರದೆ, ಚಪ್ಪಲಿ ಬಿಟ್ಟು ಕೂತ. “ಕಾಗದ ಬಂದಿಲ್ರಿ. ನೀವೇನಾರ ಕೇಳಿ ನೋಡ್ತೀರೇನು,” ಎಂದ. ಹಡಗಿನ ಕಂಪನಿಗೆ ನಾನು ಇಂಗ್ಲಿಷಿನಲ್ಲಿ ಬರೆದೆ. ಯುದ್ಧಕಾಲದಲ್ಲಿ ಹಡಗುಗಳ ವಿಷಯ ತಿಳಿಸಲಾಗದು ಎಂದು ಉತ್ತರ ಬಂತು. ಮತ್ತೆ ಬರೆದೆ. ಅದೇ ಉತ್ತರ, ತಾರೀಖು ಮಾತ್ರ ಬೇರೆ.

ಆ ವರ್ಷವೆಲ್ಲ ನಾನು ಪ್ರವಾಸ ನಿಲ್ಲಿಸಲಿಲ್ಲ. ಕುರುಗೋಡಿನಲ್ಲಿ ಗಾಡಿ ನಿಲ್ಲದಂತೆ ನೋಡಿಕೊಂಡೆ, ಅಷ್ಟೇ. ಉಳಿದ ಊರುಗಳಲ್ಲಿ ಅದೇ ವಾಕ್ಯ ಹೇಳಿದೆ. ಹೇಳುವಾಗ ದನಿ ಒಡೆಯಲಿಲ್ಲ, ನಾಲಿಗೆ ತೊದಲಲಿಲ್ಲ. ಅಭ್ಯಾಸವಾಗಿಬಿಟ್ಟಿತ್ತು.

ಮರುವರ್ಷ ಆಗಸ್ಟಿನಲ್ಲಿ ಜಪಾನಿನ ಮೇಲೆ ಬಿದ್ದ ಬಾಂಬಿನ ಸುದ್ದಿ, ಅದರ ಬೆನ್ನಿಗೇ ಜಪಾನು ಶರಣಾದ ಸುದ್ದಿ ಬಂತು. ಕರಡು ಬರೆಯಲು ನನಗೆ ಎರಡು ದಿನ ಹಿಡಿಯಿತು. ‘ಅಣು’ ಎಂದರೆ ನಮ್ಮ ಕಡೆ ಕಣ್ಣಿಗೆ ಕಾಣದಷ್ಟು ಸಣ್ಣದು. ಅಷ್ಟು ಸಣ್ಣದರಿಂದ ಒಂದು ಊರಿಗೆ ಊರೇ ಹೋಯಿತೆಂದು ಹೇಗೆ ಬರೆಯುವುದು? ಅಧಿಕಾರಿಗಳು ಎರಡು ಸಲ ತಿದ್ದಿ, ಎರಡು ಸಲವೂ ಅಳಿಸಿದರು. ಕೊನೆಗೆ, “ಕಡೇ ಸಾಲು ಹೀಗಿರಲಿ,” ಎಂದು ಬರೆಸಿದರು: “ಇನ್ನು ಸಮುದ್ರ ನಿರ್ಭಯವಾಗಿದೆ. ಎಣ್ಣೆ ಹಡಗುಗಳು ಸುಖವಾಗಿ ಬರುತ್ತವೆ.”

ಸಿರುಗುಪ್ಪದಲ್ಲಿ ಹಿಂದೆಂದೂ ಸೇರದಷ್ಟು ಜನ ಸೇರಿದರು. ಮಾಸ್ತರರು ಎದ್ದು ನಿಂತು ಮಾಡಿದ್ದೇ ಸರಿ ಎಂದರು. “ಒಂದೇ ಹೊಡ್ತಕ್ಕ ಎಲ್ಲಾ ಮುಗೀತು. ಇಲ್ಲಾಂದ್ರ ಇನ್ನೂ ಎರಡು ವರ್ಷ ಮಂದಿ ಸಾಯ್ತಿದ್ರು.”

“ಸತ್ತೋರಾಗ ಸಿಪಾಯಿ ಎಷ್ಟು, ಮನ್ಯಾಗಿದ್ದೋರು ಎಷ್ಟು?” ಎಂದು ಸಿಪಾಯಿ ನನ್ನನ್ನು ಕೇಳಿದ.

ನನ್ನ ಕಾಗದದಲ್ಲಿ ಅದು ಇರಲಿಲ್ಲ. ಹಾಗೆಂದು ಹೇಳಿದೆ.

“ಇರಂಗಿಲ್ಲ ಬಿಡ್ರಿ. ಮಾಸ್ತರ್ರ, ಇವತ್ತ ಆ ಬಾಂಬು ಒಬ್ಬರ ಹತ್ರ ಐತಿ. ನಾಳಿ ಇನ್ನೊಬ್ಬರ ಹತ್ರ ಬರ್ತೈತಿ. ಆಮ್ಯಾಲ ಹಾಕೋದೂ ಬ್ಯಾಡ. ಐತಿ ನೋಡು ಅಂತ ತೋರಿಸಿ ಅಂಜಿಸ್ತಾರ. ಎಣ್ಣಿ ಕೊಡು ಅಂತ ಅಂಜಿಸ್ತಾರ, ದಾರಿ ಬಿಡು ಅಂತ ಅಂಜಿಸ್ತಾರ. ನಾವು ಹಿಂಗ ಸಂತಿ ಬಯಲಾಗ ಕುಂತು, ಹಾಕ್ತಾರೋ ಇಲ್ಲೋ ಅಂತ ಮಾತಾಡತಿರ್ತೀವಿ.”

ಈಗ ನಾನು ಇದನ್ನು ಬರೆಯುತ್ತಿರುವಾಗ ಮತ್ತೆ ಆ ಕೊಲ್ಲಿಯ ಎಣ್ಣೆಯ ಜಗಳ ಪತ್ರಿಕೆಗಳ ತುಂಬ ಇದೆ. ಕೊರಿಯಾದಲ್ಲಿ ಆ ಬಾಂಬು ಹಾಕಬೇಕೋ ಬೇಡವೋ ಎಂದು ಬಳ್ಳಾರಿಯ ಚಹದಂಗಡಿಗಳಲ್ಲಿ ವಾದ ಮಾಡುವವರಿದ್ದಾರೆ. ಸಿಪಾಯಿ ತೀರಿಕೊಂಡು ಮೂರು ವರ್ಷವಾಯಿತು.

ಅಂದು ಸಿರುಗುಪ್ಪದ ಸಭೆ ಚದುರುವಾಗ ಕರೂರಿನ ಆ ಹೆಂಗಸು ನಕಾಶೆ ಬಿಚ್ಚುತ್ತಿದ್ದ ನನ್ನ ಹತ್ತಿರ ಬಂದಳು. “ಆ ಊರಾಗ ನೆಲ್ಲು ಬೆಳೀತಾರೇನ್ರಿ?” ಎಂದಳು. ಬೆಳೆಯುತ್ತಾರೆ, ಅವರೂ ಅನ್ನ ಉಣ್ಣುವವರೇ ಎಂದೆ. “ಈಗ ನಾಟಿ ಹೊತ್ತು,” ಎಂದಳು. ಸೆರಗು ಸರಿಮಾಡಿಕೊಂಡು ಹೋದಳು.

ಮಾರನೆಯ ದಿನದ ಸಭೆ ಕುರುಗೋಡಿನಲ್ಲಿ. ಈ ಸಲ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ, ವಿಜಯದ ಸಭೆ ಪ್ರತಿ ಹೋಬಳಿಯಲ್ಲೂ ಆಗಬೇಕೆಂದು ಆಜ್ಞೆಯಿತ್ತು. ಮುದ್ರೆ ಬಿದ್ದ ಪುಟಗಳನ್ನು ತೊಡೆಯ ಮೇಲಿಟ್ಟುಕೊಂಡು ಕಡೆಯ ಸಾಲನ್ನೇ ಓದುತ್ತ ಕೂತಿದ್ದೆ. ಇನ್ನು ಹಡಗುಗಳು ಸುಖವಾಗಿ ಬರುತ್ತವೆ ಎಂದು ಆ ಊರಿನ ನಡುವೆ ನಿಂತು, ಕಮ್ಮಾರಸಾಲೆಗೂ ಕೇಳಿಸುವಂತೆ, ಧ್ವನಿವರ್ಧಕದಲ್ಲಿ ಹೇಳಬೇಕಿತ್ತು. ಊರು ಹತ್ತಿರವಾದಾಗ ಡ್ರೈವರಿಗೆ, “ಮೊದಲು ಕಮ್ಮಾರರ ಮನೆಗೆ ಬಿಡು,” ಎಂದೆ.

ಗಂಡ ಹೆಂಡತಿ ಇಬ್ಬರೂ ಇದ್ದರು. ನಾನು ಕೂರಲಿಲ್ಲ. ನಿಂತೇ, ಅವರ ಮಾತಿನಲ್ಲಿ, ಒಂದೇ ಉಸಿರಿಗೆ ಹೇಳಿದೆ. ಯುದ್ಧದ ಹಡಗುಗಳು ಜೊತೆಗೆ ಬರುವುದು ಆಗಲೇ ನಿಂತಿತ್ತು. ಎಣ್ಣೆ ಹಡಗುಗಳು ಒಂಟಿಯಾಗಿ ಬರುತ್ತಿದ್ದವು, ಕೆಲವು ಮುಳುಗಿದ್ದವು. ನಾನು ನಿಮ್ಮ ಮನೆಯಲ್ಲಿ ಉಣ್ಣುವ ಹಿಂದಿನ ದಿನವೇ ಅದನ್ನು ಓದಿದ್ದೆ.

ಕಮ್ಮಾರ ತಿದಿಯ ಹಗ್ಗವನ್ನು ಕೈಯಿಂದ ಬಿಟ್ಟ. ಕುಲುಮೆಯ ಉಸಿರು ನಿಂತಿತು.

“ಅವನಿಗೂ ಹೇಳಲಿಲ್ಲೇನು?” ಎಂದಳು ತಾಯಿ.

“ಇಲ್ಲ.”

“ಗಾಡ್ಯಾಗ ಅಷ್ಟು ದೂರ ಜೋಡಿ ಕುಂತು ಹೋದ್ರಿ.”

“ಹೌದು.”

ಆಕೆ ಬೈಯಲಿಲ್ಲ. ಅಳಲಿಲ್ಲ. ಹೊರಗೆ ನಿಂತಿದ್ದ ವ್ಯಾನನ್ನು ನೋಡಿದಳು. ಆಮೇಲೆ, “ನೀವ ಬರೀರಿ,” ಎಂದಳು. “ಏನಾತು ಅಂತ ಖಬರ ಬರೋತನ ಬರೀರಿ. ನಮಗ ಇಂಗ್ಲಿಷ್ ಬರಂಗಿಲ್ಲ.”

ನಾನು ಸಭೆ ನಡೆಸಲಿಲ್ಲ. ಬಂದಿದ್ದ ಜನರಿಗೆ ಯುದ್ಧ ಮುಗಿಯಿತು, ಮನೆಗೆ ಹೋಗಿ ಎಂದಷ್ಟೇ ಹೇಳಿ, ಧ್ವನಿವರ್ಧಕ ಆರಿಸಿದೆ. ಪ್ರವಾಸದ ವರದಿಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದೆ. ಅಧಿಕಾರಿಗಳು ಅದನ್ನು ಓದಿ, ಮಡಚಿ, “ಇದನ್ನು ನಾನು ಮದರಾಸಿಗೆ ಕಳಿಸಿದರೆ ನಿಮಗೆ ಕಷ್ಟ. ರಾಜೀನಾಮೆ ಬರೆದುಕೊಡಿ, ಇದು ನನ್ನ ಹತ್ತಿರವೇ ಇರಲಿ,” ಎಂದರು. ಬರೆದುಕೊಟ್ಟೆ. ಬಾಗಿಲವರೆಗೂ ಬಂದು, “ಆ ಹುಡುಗನ ಹೆಸರು ಏನು?” ಎಂದು ಕೇಳಿದರು. ಹೇಳಿದೆ. ಅವರು ಅದನ್ನು ಒಂದು ಸಲ ತಮ್ಮಷ್ಟಕ್ಕೆ ಅಂದುಕೊಂಡರು.

ಬಳ್ಳಾರಿಯ ಒಂದು ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಪಾಠ ಮುಗಿದ ಮೇಲೆ ಕಾಗದ ಬರೆಯುತ್ತಿದ್ದೆ. ಕಂಪನಿಯವರು ಬಂದರಿನ ಕಚೇರಿಗೆ ಬರೆಯಿರಿ ಎಂದರು. ಆ ಕಚೇರಿಯವರು ನಾವಿಕನ ಪುಸ್ತಕದ ಸಂಖ್ಯೆ ಕೇಳಿದರು. ಅದು ಅವನ ಜೊತೆಯೇ ಹೋಗಿತ್ತು. ಮನೆಯಲ್ಲಿದ್ದ ಹಳೆಯ ಕಾಗದಗಳನ್ನೆಲ್ಲ ಹರವಿ ಹುಡುಕಿದಾಗ, ಒಂದು ಲಕೋಟೆಯ ಹಿಂದೆ ಅವನೇ ಬರೆದುಕೊಂಡಿದ್ದ ಸಂಖ್ಯೆ ಸಿಕ್ಕಿತು. ಹೆಸರಿನ ಅಕ್ಷರಗಳು ಅವರ ದಾಖಲೆಗೆ ಹೊಂದುವುದಿಲ್ಲವೆಂದರು. ಮುಂಬಯಿಯ ಗುಮಾಸ್ತ ಅವನ ಹೆಸರನ್ನು ಬೇರೆ ಯಾವುದೋ ರೀತಿ ಬರೆದುಕೊಂಡಿದ್ದ. ಎರಡು ಹೆಸರೂ ಒಬ್ಬನವೇ ಎಂದು ಗ್ರಾಮದ ಕರಣಿಕರಿಂದ ಬರೆಸಿ, ತಹಶೀಲ್ದಾರರ ಮುದ್ರೆ ಹಾಕಿಸಿ ಕಳಿಸಿದೆ. ತಿಂಗಳಿಗೊಂದು ಭಾನುವಾರ ಬಸ್ಸಿನಲ್ಲಿ ಕುರುಗೋಡಿಗೆ ಹೋಗಿ, ಏನೂ ಬಂದಿಲ್ಲ ಎಂದು ಹೇಳಿ ಬರುತ್ತಿದ್ದೆ. ಆಕೆ ನೀರು ಕೊಡುತ್ತಿದ್ದಳು. ಊಟಕ್ಕೆ ಏಳಿ ಎಂದು ಮತ್ತೆಂದೂ ಹೇಳಲಿಲ್ಲ. ಖಬರು ಖಚಿತವಾಗದೆ ಮಗನ ಶ್ರಾದ್ಧ ಮಾಡುವಂತಿರಲಿಲ್ಲ. ಬಂಧುಗಳು ಮಾಡಿ ಮುಗಿಸಿ ಎನ್ನುತ್ತಿದ್ದರು, ಆಕೆ ಒಪ್ಪುತ್ತಿರಲಿಲ್ಲ.

ಉತ್ತರ ಬಂದದ್ದು ಮುಂದಿನ ವರ್ಷ, ಬೇಸಿಗೆ ರಜೆಯಲ್ಲಿ. ಒಂದೇ ಹಾಳೆ. ಅಂದೇ ಬಸ್ಸು ಹಿಡಿದೆ. ಕಮ್ಮಾರ ಹೊರಗೆ ಬೇವಿನ ನೆರಳಿನಲ್ಲಿ ಕೂತಿದ್ದ. ಹಾಳೆಯನ್ನು ನೋಡಿದೊಡನೆ ಹೆಂಡತಿಯನ್ನು ಕರೆದ. ಪಕ್ಕದ ಮನೆಯಿಂದ ಅವರ ಪುರೋಹಿತರೂ ಬಂದು ಕೂತರು.

“ಇದ್ದದ್ದು ಇದ್ದಂಗ ಓದ್ರಿ,” ಎಂದಳು ತಾಯಿ.

ಒಂದೊಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಓದಿ, ನಿಲ್ಲಿಸಿ, ಕನ್ನಡದಲ್ಲಿ ಹೇಳಿದೆ. ಹಡಗು ಕೊಲ್ಲಿಯಿಂದ ಎಣ್ಣೆ ತುಂಬಿಕೊಂಡು ಒಂಟಿಯಾಗಿ ಹೊರಟಿತ್ತು. ಮುಂಬಯಿ ಮುಟ್ಟಲಿಲ್ಲ. ಬದುಕಿ ಬಂದವರು ಯಾರೂ ಇಲ್ಲ. ಮುಳುಗಿದ ಜಾಗ ಗೊತ್ತಿಲ್ಲ, ದಿನ ಗೊತ್ತಿಲ್ಲ. ಹಡಗಿನಲ್ಲಿದ್ದವರೆಲ್ಲ ತೀರಿಕೊಂಡರೆಂದು ಭಾವಿಸಲಾಗಿದೆ. ‘ಭಾವಿಸಲಾಗಿದೆ’ ಎಂಬಲ್ಲಿ ಮೆತ್ತಗಿನ ಇನ್ನೊಂದು ಮಾತು ನಾಲಿಗೆಗೆ ಬಂದಿತ್ತು. ಅದನ್ನು ಬಿಟ್ಟು, ಇದ್ದದ್ದನ್ನೇ ಹೇಳಿದೆ.

ಕಮ್ಮಾರ ಹೆಗಲ ಮೇಲಿನ ವಲ್ಲಿಯಿಂದ ಮುಖ ಮುಚ್ಚಿಕೊಂಡ. ಪುರೋಹಿತರು ಮೆಲ್ಲಗೆ, “ತಿಥಿ ಗೊತ್ತಿಲ್ಲ ಅಂದ್ರ ಅಮಾಸಿ ದಿನ ಮಾಡಬಹುದು,” ಎಂದರು.

“ಅಮಾಸಿ ಬ್ಯಾಡ,” ಎಂದಳು ಆಕೆ. ನನ್ನ ಕಡೆ ತಿರುಗಿದಳು. “ಅವನು ನಿಮ್ಮ ಗಾಡಿ ಹತ್ತಿದ್ದು ಯಾವ ದಿನ?”

ನನಗೆ ಯೋಚಿಸಬೇಕಾಗಲಿಲ್ಲ. ತಿಂಗಳು, ತಾರೀಖು ಹೇಳಿದೆ. ಪುರೋಹಿತರು ಹಳೆಯ ಪಂಚಾಂಗ ತರಿಸಿ, ಬೆರಳಿಟ್ಟು ಹುಡುಕಿದರು. ಬಹುಳ ದಶಮಿ.

“ಅದನ್ನ ಬರಕೊಳ್ರಿ,” ಎಂದಳು. “ನಾ ಅವನ್ನ ಕಡೀಕ ಮುಟ್ಟಿದ್ದು ಅವತ್ತ. ಅವನು ಹೋದದ್ದು ಅವತ್ತ.”

ಪುರೋಹಿತರ ಬಳಿ ಸೀಸದ ಕಡ್ಡಿ ಇರಲಿಲ್ಲ. ನನ್ನ ಜೇಬಿನಲ್ಲಿ ಪೆನ್ನಿತ್ತು. ನಾನೇ ಬರೆದುಕೊಟ್ಟೆ.